ಹಿಡಿದ ಮೀನನ್ನು ಉಪವಾಸ ಇಟ್ಟರೆ ಏನಾಗುತ್ತದೆ?

(ಮೀನು ಮಾರುವವರು, ಪಂಜರ ಕೃಷಿ ಮಾಡುವವರು, ಸುಮ್ನೆ ಮೀನು ಇಷ್ಟಪಟ್ಟು ತಿನ್ನುವವರು ಎಲ್ಲರೂ ಸೇರಿದ್ದ ಒಂದು ಸಭೆಯಲ್ಲಿ ಮಾತಾಡಿದ್ದನ್ನು ಬರಹಕ್ಕೆ ಇಳಿಸಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನೇರವಾಗಿ ವಿಷಯಕ್ಕೆ ಬರುತ್ತೇನೆ.

ಸಮುದ್ರದಲ್ಲಿ ತಾನಾಗಿ ಬೆಳೆದ ಮೀನು ಬಲೆಗೆ ಬಿತ್ತು. ಅದನ್ನು ಕೊಲ್ಲಲಿಲ್ಲ, ಐಸಿಗೂ ಹಾಕಲಿಲ್ಲ. ಜೀವಂತವಾಗಿಯೇ ತಂದು ನೀರಿನಲ್ಲಿ ಕಟ್ಟಿದ ಬಲೆಯ ಪಂಜರಕ್ಕೆ ಬಿಟ್ಟರು. ತಿನ್ನೋಕೆ ಏನೂ ಕೊಡಲಿಲ್ಲ. ಒಂದು ದಿನ ಆಯಿತು, ವಾರ ಆಯಿತು, ತಿಂಗಳಾಯಿತು. ಆಮೇಲೆ ತೆಗೆದು ಕೊಯ್ದರೆ ಆ ಮೀನಿನ ಮಾಂಸ ಹೇಗಿರುತ್ತದೆ? ಇದೇ ಇವತ್ತಿನ ಪ್ರಶ್ನೆ.

ಕೆಲವರು ಕೇಳಿದ ತಕ್ಷಣ ಹೇಳುತ್ತಾರೆ, ಅಯ್ಯೋ, ಊಟ ಇಲ್ಲದೆ ಸೊರಗಿದ ಮೀನು ಏನು ರುಚಿ ಇರುತ್ತೆ ಅಂತ. ಇನ್ನು ಕೆಲವರು, ಮೀನು ತಾನೇ, ಎಷ್ಟು ದಿನ ಬೇಕಾದರೂ ತಿನ್ನದೆ ಇರುತ್ತೆ, ಏನೂ ಆಗಲ್ಲ ಅನ್ನುತ್ತಾರೆ. ಇಬ್ಬರ ಮಾತಿನಲ್ಲೂ ನಿಜ ಇದೆ. ಎಷ್ಟು ದಿನ ಇಟ್ಟಿರಿ ಎನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಮೊದಲ ಕೆಲವು ಗಂಟೆಗಳಲ್ಲಿ ಮಾಂಸ ಸುಧಾರಿಸುತ್ತದೆ. ಮೊದಲ ಕೆಲವು ದಿನಗಳಲ್ಲಿ ಇನ್ನೂ ಸುಧಾರಿಸುತ್ತದೆ. ಆಮೇಲೆ ವಾರಗಟ್ಟಲೆ ಮಾಂಸದಲ್ಲಿ ಹೆಚ್ಚೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಮೀನು ಒಳಗೊಳಗೇ ಕರಗುತ್ತಾ ಇರುತ್ತದೆ. ನಾನು ಇವತ್ತು ಒತ್ತಿ ಹೇಳಬೇಕು ಅಂದುಕೊಂಡಿರುವುದು ಇದನ್ನೇ. ಮಾಂಸ ಚೆನ್ನಾಗಿದೆ ಅಂದ ಮಾತ್ರಕ್ಕೆ ಮೀನು ಚೆನ್ನಾಗಿತ್ತು ಅಂತ ಅಲ್ಲ.

ಈ ಪ್ರಶ್ನೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡ ದೇಶ ನಾರ್ವೆ. ಅಲ್ಲಿನ ಮೀನು ಕಾಡ್. ಆ ಹೆಸರೇ ಕೇಳಿಲ್ಲ ಅನ್ನಬೇಡಿ. ಮಕ್ಕಳಿಗೆ ಕೊಡುತ್ತೇವಲ್ಲ ಹಳದಿ ಬಣ್ಣದ ಮೀನೆಣ್ಣೆ ಗುಳಿಗೆ, ಡಬ್ಬದ ಮೇಲೆ ಕಾಡ್ ಲಿವರ್ ಆಯಿಲ್ ಅಂತ ಬರೆದಿರುತ್ತದೆ, ಅದೇ ಮೀನು. ಆ ಲಿವರ್ ಅನ್ನು ಸ್ವಲ್ಪ ನೆನಪಿಟ್ಟುಕೊಂಡಿರಿ. ಮುಂದೆ ಅದರ ಕಥೆ ಬಹಳ ಇದೆ.

ನಾರ್ವೆಯ ಉತ್ತರಕ್ಕಿರುವ ಬ್ಯಾರೆಂಟ್ಸ್ ಸಮುದ್ರದಲ್ಲಿ ಬೆಳೆಯುವ ಕಾಡ್ ಮೀನು ಮೊಟ್ಟೆ ಇಡಲು ಜನವರಿಯಿಂದ ಏಪ್ರಿಲ್ ಒಳಗೆ ನಾರ್ವೆ ಕರಾವಳಿಯ ಲೊಫೊಟೆನ್ ದ್ವೀಪಗಳ ಹತ್ತಿರ ಬರುತ್ತದೆ. ಅದು ಮುಗಿಯುವ ಹೊತ್ತಿಗೆ ದೇಶದ ತೀರಾ ಉತ್ತರದ ಫಿನ್‌ಮಾರ್ಕ್ ತೀರಕ್ಕೆ ಕ್ಯಾಪೆಲಿನ್ ಎಂಬ ಸಣ್ಣ ಮೀನಿನ ಹಿಂಡು ಬರುತ್ತದೆ, ಅದರ ಬೆನ್ನು ಹತ್ತಿ ಕಾಡ್ ಕೂಡ ಬರುತ್ತದೆ. ಹೀಗೆ ವರ್ಷದ ಮೀನಿನ ದೊಡ್ಡ ಪಾಲು ನಾಲ್ಕೈದು ತಿಂಗಳಲ್ಲೇ ಬಂದು ಬೀಳುತ್ತದೆ. ಆಗ ರೇಟ್ ಇಳಿಯುತ್ತದೆ, ಕಾರ್ಖಾನೆಗಳಿಗೆ ಕೈ ತುಂಬಾ ಕೆಲಸ. ಬೇಸಿಗೆ ಕಳೆದ ಮೇಲೆ ತಾಜಾ ಮೀನೇ ಇಲ್ಲ, ಕೆಲಸಗಾರರಿಗೆ ಕೆಲಸವೂ ಇಲ್ಲ. ನಮ್ಮ ಕಡಲ ತೀರದವರಿಗೆ ಈ ತೊಂದರೆ ಬಿಡಿಸಿ ಹೇಳಬೇಕಾಗಿಲ್ಲ. ಒಂದು ದಿನ ಬಂಗುಡೆ ರಾಶಿ ಬಿದ್ದು ಕೇಳುವವರಿಲ್ಲ, ಇನ್ನೊಂದು ದಿನ ಬುಟ್ಟಿ ಖಾಲಿ.

ಇದಕ್ಕೆ ಅವರು ಕಂಡುಕೊಂಡ ದಾರಿ, ಸೀಸನ್‌ನಲ್ಲಿ ಮೀನನ್ನು ಜೀವಂತ ಹಿಡಿದು, ಪಂಜರದಲ್ಲಿಟ್ಟು, ಬೇಡಿಕೆ ಬಂದ ಹಾಗೆ ತೆಗೆಯುವುದು. ಸರ್ಕಾರವೂ ಜೀವಂತ ಮೀನು ತಂದವರಿಗೆ ಕೋಟಾದಲ್ಲಿ, ಅಂದರೆ ಹಿಡಿಯಬಹುದಾದ ಮೀನಿನ ಮಿತಿಯಲ್ಲಿ, ರಿಯಾಯಿತಿ ಕೊಟ್ಟು ಪ್ರೋತ್ಸಾಹಿಸಿತು. ಯೋಚನೆ ಹೊಸದೇನಲ್ಲ. ಇಂಗ್ಲೆಂಡಿನ ಹಾರ್ವಿಚ್, ಗ್ರಿಮ್ಸ್‌ಬಿ ಬಂದರುಗಳಲ್ಲಿ ಐಸ್ ಬಳಕೆ ಹರಡುವ ಮೊದಲೇ ಇದನ್ನು ಮಾಡುತ್ತಿದ್ದರು. ಹಡಗಿನ ಹೊಟ್ಟೆಯಲ್ಲಿ ಸಮುದ್ರದ ನೀರು ಓಡಾಡುವ ತೊಟ್ಟಿ, ಅದರಲ್ಲಿ ಕಾಡ್ ಮೀನು. ಬಂದರಿಗೆ ಬಂದ ಮೇಲೆ ತೂತು ಕೊರೆದ ಮರದ ಪೆಟ್ಟಿಗೆಗಳಿಗೆ ಹಾಕಿ ನೀರಿನಲ್ಲೇ ತೇಲಿಬಿಡುತ್ತಿದ್ದರು. ಪೇಟೆಗೆ ಬೇಕಾದಾಗ ತೆಗೆದು ಕಳಿಸುತ್ತಿದ್ದರು.

ನಾರ್ವೆಯಲ್ಲಿ ಜೀವಂತ ಮೀನಿಗೆ ಹೆಚ್ಚಾಗಿ ಬಳಸುವುದು ಸ್ನುರ್ರೆವಾಡ್ ಎಂಬ ಬಲೆ. ನಮ್ಮ ರಂಪಣಿ ನೋಡಿದವರಿಗೆ ಬೇಗ ಅರ್ಥವಾಗುತ್ತದೆ. ಉದ್ದದ ಹಗ್ಗಗಳನ್ನು ಸುತ್ತು ಬಳಸಿ ಹಾಕಿ, ಮೀನನ್ನು ನಡುವಿನ ಬಲೆಗೆ ಕೂಡಿಸುತ್ತಾ ಎಳೆಯುವುದು. ರಂಪಣಿಯನ್ನು ದಡದಿಂದ ಜನ ಎಳೆಯುತ್ತಾರೆ, ಇದನ್ನು ಸಮುದ್ರದ ತಳದಲ್ಲಿ ಹಾಸಿ ಬೋಟಿನಿಂದ ಯಂತ್ರ ಎಳೆಯುತ್ತದೆ, ಅಷ್ಟೇ ಫರಕು.

ಆಳದಿಂದ ಮೇಲೆ ಬರುವಾಗಲೇ ಮೊದಲ ಕಂಟಕ. ಕಾಡ್ ಮೀನಿನ ಹೊಟ್ಟೆಯೊಳಗೆ ಗಾಳಿಚೀಲ ಇದೆ, ನೀರಿನಲ್ಲಿ ಮೇಲೆ ಕೆಳಗೆ ಆಗದೆ ನಿಲ್ಲೋಕೆ ಅದೇ ಆಧಾರ. ಈ ಚೀಲಕ್ಕೂ ಬಾಯಿಗೂ ದಾರಿ ಇಲ್ಲ. ಹಾಗಾಗಿ ಗಾಳಿಯನ್ನು ತಕ್ಷಣ ಹೊರಗೆ ಬಿಡೋಕೆ ಆಗುವುದಿಲ್ಲ. ಬಲೆ ಮೇಲೇರುತ್ತಿದ್ದ ಹಾಗೆ ನೀರಿನ ಒತ್ತಡ ಕಡಿಮೆಯಾಗಿ ಗಾಳಿ ಹಿಗ್ಗುತ್ತದೆ, ಚೀಲ ಉಬ್ಬಿ ಒಡೆಯುತ್ತದೆ. ಕೇಳೋಕೆ ಭಯಂಕರ, ಅಲ್ವಾ? ಆದರೆ ಒಡೆದ ಮೀನೇ ಉಳಿಯುವುದು. ಗಾಳಿ ಗುದದ್ವಾರದ ಹತ್ತಿರದ ಸಣ್ಣ ತೂತಿನಿಂದ ಹೊರಗೆ ಹೋಗುತ್ತದೆ, ತೂತು ಬೇಗ ಮುಚ್ಚಿಕೊಳ್ಳುತ್ತದೆ, ಚೀಲ ಕೂಡ ಮಾಯುತ್ತದೆ. ಗಾಳಿ ಹೊರಗೆ ಹೋಗದ ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತದೆ, ಅದು ಬದುಕುವುದು ಕಷ್ಟ. ಹಳೇ ಕಾಲದ ಇಂಗ್ಲಿಷ್ ಮೀನುಗಾರರು ಸೂಜಿಯಂಥದ್ದರಲ್ಲಿ ಚುಚ್ಚಿ ಗಾಳಿ ಬಿಡುತ್ತಿದ್ದರು.

ಗಾಳಿ ಹೋದ ಮೀನು ಕಲ್ಲಿನ ಹಾಗೆ ತಳ ಸೇರುತ್ತದೆ. ಈಜೋಕೆ ಶಕ್ತಿ ಇಲ್ಲ, ತೇಲೋಕೆ ಗಾಳಿ ಇಲ್ಲ. ಆಗ ಅದಕ್ಕೆ ಬೇಕಾಗಿರುವುದು ಮಲಗೋಕೆ ಸಮತಟ್ಟಾದ ಜಾಗ. ಅದಕ್ಕೇ ಬೋಟಿನ ತೊಟ್ಟಿಗಳ ತಳ ಚಪ್ಪಟೆ ಇರುತ್ತದೆ, ತಳದ ತೂತುಗಳಿಂದ ಹೊಸ ನೀರು ಮೇಲಕ್ಕೆ ಚಿಮ್ಮುತ್ತಾ ಇರುತ್ತದೆ. ಮೀನು ಒಂದರ ಮೇಲೊಂದು ಮಲಗಿದ್ದರೂ ಅಡಿಯಲ್ಲಿರುವ ಮೀನಿನ ಕಿವಿರಿಗೂ ಆಮ್ಲಜನಕ ಸಿಗಬೇಕಲ್ಲ. ಮಾಮೂಲಿ ಪಂಜರದ ಬಲೆ ಕೆಳಗೆ ಜೋಳಿಗೆಯ ಹಾಗೆ ಚೂಪಾಗಿರುತ್ತದೆ. ಅದಕ್ಕೆ ಈ ಮೀನನ್ನು ಬಿಟ್ಟರೆ ಎಲ್ಲ ಒಂದೇ ಮೂಲೆಗೆ ಜಾರಿ, ರಾಶಿಯಾಗಿ, ಅಡಿಯವು ಉಸಿರುಗಟ್ಟಿ ಸಾಯುತ್ತವೆ. ಹಾಗಾಗಿ ಮೊದಲು ಬಿಡುವ ಪಂಜರಕ್ಕೂ ಚಪ್ಪಟೆ ತಳ. ಒಂದು ದಿನ ಹಾಗೆ ಮಲಗಿ ಸುಧಾರಿಸಿಕೊಂಡರೆ ಬಹಳಷ್ಟು ಮೀನು ಎದ್ದು ಈಜುತ್ತವೆ. ಗಾಯ ಆದವನ್ನು ಬೋಟಿನಲ್ಲೇ ಆರಿಸಿ ತಕ್ಷಣ ಕೊಂದು ರಕ್ತ ಬಸಿಯುತ್ತಾರೆ.

ಈಗ ಮಾಂಸದ ವಿಷಯಕ್ಕೆ ಬರೋಣ. ಮೊದಲು ಗಂಟೆಗಳ ಲೆಕ್ಕ.

ಬಲೆಯಲ್ಲಿ ಒದ್ದಾಡಿದ ಮೀನಿನ ಮೈಯಲ್ಲಿ ರಕ್ತವೆಲ್ಲ ಮಾಂಸಖಂಡಗಳಿಗೆ ನುಗ್ಗಿರುತ್ತದೆ. ತಪ್ಪಿಸಿಕೊಳ್ಳೋಕೆ ಹೋರಾಡುವಾಗ ರಕ್ತ ಅಲ್ಲಿಗೇ ಬೇಕು ತಾನೇ. ಅದೇ ಸ್ಥಿತಿಯಲ್ಲಿ ಕೊಂದರೆ ಎಷ್ಟು ಚೆನ್ನಾಗಿ ಕತ್ತು ಕೊಯ್ದರೂ ರಕ್ತ ಪೂರ್ತಿ ಬಸಿಯುವುದಿಲ್ಲ. ಬಿಳಿಯಾಗಿರಬೇಕಾದ ಫಿಲೆಟ್, ಅಂದರೆ ಮುಳ್ಳಿನಿಂದ ಬಿಡಿಸಿದ ಮಾಂಸದ ಹೋಳು, ನಸುಗೆಂಪಾಗುತ್ತದೆ, ಸಣ್ಣ ಸಣ್ಣ ರಕ್ತನಾಳ ಗೆರೆಗೆರೆಯಾಗಿ ಕಾಣುತ್ತದೆ. ದೊಡ್ಡ ಬೋಟುಗಳಲ್ಲಿ ಇನ್ನೂ ಒಂದು ತೊಂದರೆ. ಒಂದೇ ಸಲ ಟನ್‌ಗಟ್ಟಲೆ ಮೀನು ಡೆಕ್ ಮೇಲೆ ಬೀಳುತ್ತದೆ, ಕೊಯ್ಯುವವರು ನಾಲ್ಕೈದು ಜನ. ಸತ್ತು ಅರ್ಧ ಗಂಟೆ ದಾಟಿದ ಮೀನನ್ನು ಕೊಯ್ದರೆ ರಕ್ತ ಸರಿಯಾಗಿ ಬರುವುದಿಲ್ಲ, ಕಾಯುತ್ತಾ ಬಿದ್ದಿರುವ ಮೀನಿನ ಗುಣಮಟ್ಟ ಅಲ್ಲೇ ಇಳಿಯುತ್ತಾ ಹೋಗುತ್ತದೆ.

ಅದೇ ಮೀನನ್ನು ಕೆಲವು ಗಂಟೆ ಒಳ್ಳೇ ನೀರಿನಲ್ಲಿ ಸುಮ್ನೆ ಬಿಟ್ಟರೆ ರಕ್ತ ಮತ್ತೆ ತನ್ನ ಜಾಗಕ್ಕೆ ಹೋಗುತ್ತದೆ, ಒದ್ದಾಟದಿಂದ ಮಾಂಸದಲ್ಲಿ ಸೇರಿದ ಲ್ಯಾಕ್ಟಿಕ್ ಆಸಿಡ್ ಎಂಬ ಹುಳಿ ಇಳಿಯುತ್ತದೆ. ಆಮೇಲೆ ಶಾಂತವಾಗಿ ಒಂದೊಂದೇ ತೆಗೆದು ಕೊಂದರೆ ಫಿಲೆಟ್ ಬೆಳ್ಳಗಿರುತ್ತದೆ. ಇನ್ನೂ ಒಂದು ಲಾಭ ಇದೆ. ಸುಸ್ತಾಗಿ ಸತ್ತ ಮೀನು ಬೇಗ ಸೆಟೆದುಕೊಳ್ಳುತ್ತದೆ, ವಿಶ್ರಾಂತಿ ಪಡೆದ ಮೀನು ನಿಧಾನವಾಗಿ ಸೆಟೆಯುತ್ತದೆ. ಆ ಹೊತ್ತಿನಲ್ಲಿ ಫಿಲೆಟ್ ಮಾಡಿ ಮುಗಿಸಬಹುದು, ಮಾಂಸ ಹರಿಯುವುದಿಲ್ಲ. ಇಲ್ಲಿ ಊಟ ಹಾಕದೆ ಇರುವುದಕ್ಕೂ ಈ ಸುಧಾರಣೆಗೂ ಸಂಬಂಧ ಇಲ್ಲ, ಇದು ಬರೀ ವಿಶ್ರಾಂತಿಯ ಫಲ. ಜೀವಂತ ಮೀನಿನ ವ್ಯಾಪಾರದಲ್ಲಿ ಗುಣಮಟ್ಟಕ್ಕೆ ಸಿಗುವ ದೊಡ್ಡ ಲಾಭ ಮೊದಲ ದಿನದಲ್ಲೇ ಸಿಕ್ಕಿಬಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಆಮೇಲಿನ ಕೆಲವು ದಿನಗಳ ಲಾಭ ಮಾತ್ರ ಉಪವಾಸದ್ದೇ. ಕ್ಯಾಪೆಲಿನ್ ಹಿಂದೆ ಓಡಿದ ಕಾಡ್ ಮೀನಿನ ಹೊಟ್ಟೆ ಬಿರಿಯುವಷ್ಟು ತುಂಬಿರುತ್ತದೆ. ಸತ್ತ ಮೇಲೂ ಆ ಹೊಟ್ಟೆಯ ಜೀರ್ಣರಸ ಕೆಲಸ ನಿಲ್ಲಿಸುವುದಿಲ್ಲ, ತಿಂದ ಮೀನಿನ ಜೊತೆ ತನ್ನ ಹೊಟ್ಟೆಯ ಗೋಡೆಯನ್ನೂ ಕರಗಿಸುತ್ತದೆ. ನಮ್ಮಲ್ಲಿ ಬೂತಾಯಿ ಹೊಟ್ಟೆ ಒಡೆಯುವುದನ್ನು ನೋಡಿದ್ದೀರಲ್ಲ? ಚೆನ್ನಾಗಿ ಮೇಯ್ದ ಕಾಲದಲ್ಲಿ ಹಿಡಿದ ಬೂತಾಯಿ ಬುಟ್ಟಿಯಲ್ಲಿ ಅರ್ಧ ದಿನ ಇದ್ದರೆ ಹೊಟ್ಟೆ ಮೆತ್ತಗಾಗಿ ಕರುಳು ಹೊರಗೆ ಬರುತ್ತದೆ. ಮನೆಯಲ್ಲಿ ತೊಳೆಯುವವರಿಗೆ ಗೊತ್ತು, ಬೆರಳು ತಾಗಿದರೆ ಸಾಕು. ಕಾರಣ ಒಂದೇ, ತುಂಬಿದ ಹೊಟ್ಟೆ. ಅದೇ ಜಾತಿಗೆ ಹತ್ತಿರದ ಬ್ರಿಸ್ಲಿಂಗ್ ಎಂಬ ಸಣ್ಣ ಮೀನನ್ನು ನಾರ್ವೆಯವರು ಡಬ್ಬಿಗೆ ಹಾಕುವ ಮೊದಲು ಮೂರು ದಿನ ಬಲೆಯೊಳಗೇ ಸಮುದ್ರದಲ್ಲಿ ಬಿಡುತ್ತಿದ್ದರು, ತಿಂದದ್ದೆಲ್ಲ ಖಾಲಿಯಾಗಲಿ ಅಂತ. ವಿಜ್ಞಾನಿಗಳು ಅಳೆದು ಹೇಳಿದ್ದಲ್ಲ ಇದು, ಹೊಟ್ಟೆ ಒಡೆದ ಮೀನಿನಿಂದ ನಷ್ಟ ಮಾಡಿಕೊಂಡವರು ಕಲಿತ ಪಾಠ. ನಮ್ಮ ಪಂಜರ ಕೃಷಿಯವರೂ ಸೀಬಾಸ್ ಮೀನನ್ನು ಪಂಜರದಿಂದ ತೆಗೆಯುವ ಮೊದಲು ಆಹಾರ ನಿಲ್ಲಿಸುವುದು ಇದಕ್ಕೇ.

ಇಲ್ಲಿಗೆ ಸುಲಭದ ಭಾಗ ಮುಗಿಯಿತು. ಈಗ ವಾರಗಳ ಲೆಕ್ಕ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಕಾಡ್ ಮೀನಿನ ಮಾಂಸದಲ್ಲಿ ಕೊಬ್ಬು ನೂರಕ್ಕೆ ಒಂದು ಪಾಲೂ ಇಲ್ಲ. ನೂರಕ್ಕೆ 80ರಷ್ಟು ನೀರು, ಉಳಿದದ್ದು ಬಹುಪಾಲು ಪ್ರೋಟೀನ್. ಹಾಗಾದರೆ ತಿಂದದ್ದು ಹೆಚ್ಚಾದಾಗ ಕೂಡಿಡುವುದು ಎಲ್ಲಿ? ಲಿವರ್‌ನಲ್ಲಿ. ಚೆನ್ನಾಗಿ ಮೇಯ್ದ ಕಾಡ್ ಮೀನಿನ ಲಿವರ್‌ನ ಅರ್ಧಕ್ಕಿಂತ ಹೆಚ್ಚು ಭಾಗ ಬರೀ ಎಣ್ಣೆ. ನಮ್ಮ ಬೂತಾಯಿ, ಬಂಗುಡೆ ಹಾಗಲ್ಲ, ಅವು ಕೊಬ್ಬನ್ನು ಮಾಂಸದಲ್ಲೇ ಇಟ್ಟುಕೊಳ್ಳುತ್ತವೆ, ಅದಕ್ಕೇ ಬೂತಾಯಿ ಕಾಯಿಸುವಾಗ ಕಾವಲಿಯಲ್ಲಿ ಎಣ್ಣೆ ಬಿಡುತ್ತದೆ. ಈ ಒಂದು ವ್ಯತ್ಯಾಸದಿಂದ ಉಪವಾಸದ ಫಲವೇ ಬೇರೆಯಾಗುತ್ತದೆ. ಕೊಬ್ಬಿನ ಮೀನನ್ನು ಹಸಿದಿಟ್ಟರೆ ಕರಗುವುದು ನೀವು ತಿನ್ನುವ ರುಚಿ. ಕಾಡ್ ಮೀನನ್ನು ಹಸಿದಿಟ್ಟರೆ ಮೊದಲು ಕರಗುವುದು ನೀವು ತಿನ್ನದೆ ಬಿಸಾಡುವ ಲಿವರ್.

ಇದನ್ನು ಬಿಡಿಸಿ ತೋರಿಸಿದವರು ಸ್ಕಾಟ್ಲೆಂಡಿನ ಅಬರ್ಡೀನ್ ಊರಿನ ಟೋರಿ ಸಂಶೋಧನಾ ಕೇಂದ್ರದವರು. ಅಲ್ಲಿ ಮಾಲ್ಕಮ್ ಲವ್ ಎಂಬ ವಿಜ್ಞಾನಿ ಜೀವನದ ಬಹುಭಾಗ ಕಾಡ್ ಮೀನಿನ ಹಿಂದೆಯೇ ಕಳೆದರು. ಹಸಿದ ಕಾಡ್ ಮೀನು ಯಾವುದನ್ನು ಮೊದಲು ಖರ್ಚು ಮಾಡುತ್ತದೆ, ಯಾವುದನ್ನು ಕೊನೆಗೆ ಅಂತ 1986ರಲ್ಲಿ ಬ್ಲ್ಯಾಕ್ ಮತ್ತು ಲವ್ ಸೇರಿ ಕ್ರಮವಾಗಿ ತೋರಿಸಿದರು. ಮೊದಲು ಹೋಗುವುದು ಲಿವರ್‌ನ ಎಣ್ಣೆ, ಅದರ ಜೊತೆಗೆ ಗ್ಲೈಕೋಜನ್ ಎಂಬ ಕೂಡಿಟ್ಟ ಸಕ್ಕರೆ. ಅದು ಮುಗಿಯುತ್ತಾ ಬಂದ ಮೇಲೆ ಬಿಳಿ ಮಾಂಸದ ಪ್ರೋಟೀನ್. ಈಜೋಕೆ ದಿನವಿಡೀ ಬೇಕಾಗುವ ಚರ್ಮದಡಿಯ ಕೆಂಪು ಮಾಂಸಕ್ಕೆ ಕೈ ಹಾಕುವುದು ಎಲ್ಲಕ್ಕಿಂತ ಕೊನೆಗೆ. ಈಜೋಕೆ ಆಗದಿದ್ದರೆ ಊಟ ಹುಡುಕುವುದು ಹೇಗೆ? ಮೀನಿನ ದೇಹ ಅದನ್ನು ಬಲ್ಲದು.

ಗ್ಲೈಕೋಜನ್ ಕಡಿಮೆಯಾಗುವುದರಿಂದ ಮಾಂಸಕ್ಕೆ ಒಂದು ಅನುಕೂಲವೂ ಆಗುತ್ತದೆ. ಮೀನು ಸತ್ತ ಮೇಲೆ ಗ್ಲೈಕೋಜನ್ ಲ್ಯಾಕ್ಟಿಕ್ ಆಸಿಡ್ ಆಗುತ್ತದೆ, ಮಾಂಸದ ಪಿಎಚ್ ಇಳಿಯುತ್ತದೆ. ಪಿಎಚ್ ಅಂದರೆ ಹುಳಿಯ ಅಳತೆ, ಅದು ಇಳಿದಷ್ಟೂ ಹುಳಿ ಜಾಸ್ತಿ. ಚೆನ್ನಾಗಿ ತಿಂದ ಮೀನಿನಲ್ಲಿ ಗ್ಲೈಕೋಜನ್ ಜಾಸ್ತಿ, ಹುಳಿಯೂ ಜಾಸ್ತಿ. ಪಿಎಚ್ ತೀರಾ ಇಳಿದರೆ ಮಾಂಸದ ಪದರಗಳನ್ನು ಹಿಡಿದಿಡುವ ತೆಳು ಪೊರೆ ಬಲ ಕಳೆದುಕೊಳ್ಳುತ್ತದೆ, ಫಿಲೆಟ್ ಪದರ ಪದರವಾಗಿ ಬಾಯಿ ಬಿಡುತ್ತದೆ. ಫಾರೋ ದ್ವೀಪಗಳ ಹತ್ತಿರ ಫಾರೋ ಬ್ಯಾಂಕ್ ಅಂತ ಸಮುದ್ರದಲ್ಲಿ ಒಂದು ಜಾಗ ಇದೆ, ಅಲ್ಲಿನ ಕಾಡ್ ಮೀನು ಗುಂಡಗೆ ದಷ್ಟಪುಷ್ಟ. ನೋಡಿದರೆ ಕೊಳ್ಳಬೇಕು ಅನ್ನಿಸುತ್ತದೆ, ಆದರೆ ಫಿಲೆಟ್ ಮಾಡಿದರೆ ಬಾಯಿ ಬಿಡುವುದರಲ್ಲಿ ಅದು ಕುಖ್ಯಾತ. ಲವ್ ಇದನ್ನೂ ನೋಡಿದ್ದರು. ಪಂಜರದಲ್ಲಿ ತಿನ್ನಿಸಿ ಬೆಳೆಸಿದ ಕಾಡ್ ಮೀನಿಗೂ ಇದೇ ದೂರು. ಸಮುದ್ರದಿಂದ ಹಿಡಿದು ತಂದು ಕೆಲವು ವಾರ ತಿನ್ನಿಸದೆ ಇಟ್ಟ ಕಾಡ್ ಮೀನಿನಲ್ಲಿ ಪಿಎಚ್ ಅಷ್ಟು ಇಳಿಯುವುದಿಲ್ಲ, ಫಿಲೆಟ್ ಒಟ್ಟಾಗಿ ನಿಲ್ಲುತ್ತದೆ, ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕಾರ್ಖಾನೆಯವರಿಗೆ ಖುಷಿ. ಇನ್ನೊಂದು ಮಾತು, ಲಿವರ್ ಮತ್ತು ಕರುಳು ಕುಗ್ಗಿರುವುದರಿಂದ ಇಡೀ ಮೀನಿನ ತೂಕದಲ್ಲಿ ಮಾಂಸದ ಪಾಲು ಜಾಸ್ತಿ ಇದ್ದ ಹಾಗೆಯೂ ಕಾಣುತ್ತದೆ.

ಈಗ ಆ ಮೀನಿನ ಹೊಟ್ಟೆ ಸೀಳಿ ನೋಡೋಣ.

ಮೇಯ್ದ ಮೀನಿನ ಲಿವರ್ ದೊಡ್ಡದು, ಕೆನೆ ಬಣ್ಣದ್ದು, ಮೆತ್ತಗೆ ಜಾರುತ್ತದೆ, ಕೈಗೆ ಎಣ್ಣೆ ಅಂಟುತ್ತದೆ. ಬಹಳ ದಿನ ಹಸಿದ ಮೀನಿನ ಲಿವರ್ ಸಣ್ಣದಾಗಿ, ಸುಕ್ಕಿ, ಕೆಂಪು ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಅದರ ಪಕ್ಕದಲ್ಲೇ ಪಿತ್ತಚೀಲ. ತಿನ್ನುತ್ತಿರುವ ಮೀನಿನಲ್ಲಿ ಪಿತ್ತ ಆಗಾಗ ಕರುಳಿಗೆ ಹರಿದು ಹೋಗುವುದರಿಂದ ಚೀಲ ಸಣ್ಣದಾಗಿ ತಿಳಿ ಹಳದಿಯಾಗಿರುತ್ತದೆ. ತಿನ್ನದ ಮೀನಿನಲ್ಲಿ ಪಿತ್ತಕ್ಕೆ ಕೆಲಸವೇ ಇಲ್ಲ. ಅಲ್ಲೇ ತುಂಬಿಕೊಂಡು, ದಪ್ಪವಾಗಿ, ಕಡು ಹಸಿರಾಗಿ ಚೀಲ ಉಬ್ಬಿ ನಿಂತಿರುತ್ತದೆ. ಮೀನು ಶುಚಿ ಮಾಡುವಾಗ ಪಿತ್ತ ಒಡೆದರೆ ಪಲ್ಯವೆಲ್ಲ ಕಹಿ ಅಂತ ಮನೆಯಲ್ಲಿ ಹೇಳಿಕೊಡುತ್ತಾರಲ್ಲ, ಹಸಿದ ಮೀನಿನಲ್ಲಿ ಅದು ಒಡೆಯುವ ಭಯ ಇನ್ನೂ ಜಾಸ್ತಿ. ಅದಕ್ಕೇ ನಾನು ಹೇಳುವುದು, ಜೀವಂತ ಇಟ್ಟ ಮೀನನ್ನು ಪರೀಕ್ಷೆ ಮಾಡಬೇಕಾದರೆ ಫಿಲೆಟ್ ನೋಡುವ ಮೊದಲು ಈ ಎರಡನ್ನು ನೋಡಿ. ಫಿಲೆಟ್ ಬೆಳ್ಳಗೆ, ಗಟ್ಟಿಯಾಗಿ, ಏನೂ ಆಗಿಲ್ಲ ಅನ್ನುವಂತಿರುವಾಗಲೇ ಲಿವರ್ ಎಲ್ಲವನ್ನೂ ಹೇಳಿರುತ್ತದೆ.

ಲಿವರ್ ಖಾಲಿಯಾದ ಮೇಲೆ? ಆಗ ಮಾಂಸದ ಸರದಿ. ಪ್ರೋಟೀನ್ ಕರಗಿದ ಜಾಗಕ್ಕೆ ನೀರು ಬಂದು ಕೂರುತ್ತದೆ. ಮೀನಿನ ಆಕಾರ ಬಹಳ ಬದಲಾಗುವುದಿಲ್ಲ, ಮಾಂಸದೊಳಗೆ ಮಾತ್ರ ನೀರಿನ ಪಾಲು 80 ದಾಟಿ ಏರುತ್ತಾ ಹೋಗುತ್ತದೆ. ಪಿಎಚ್ 7ರ ಹತ್ತಿರವೇ ನಿಲ್ಲುತ್ತದೆ. ಮೊದಲು ಅನುಕೂಲ ಅನ್ನಿಸಿದ್ದೇ ಈಗ ತಿರುಗಿ ಬೀಳುತ್ತದೆ. ಮಾಂಸ ಮೆತ್ತಗಾಗುತ್ತದೆ, ಬೇಯಿಸಿದರೆ ನೀರು ನೀರು. ಹುಳಿ ಇಲ್ಲದ ಮಾಂಸದಲ್ಲಿ ಕೊಳೆಸುವ ಬ್ಯಾಕ್ಟೀರಿಯಾಗಳು ಬೇಗ ಬೆಳೆಯುವುದರಿಂದ ಐಸಿನಲ್ಲಿಟ್ಟರೂ ಹೆಚ್ಚು ದಿನ ಬಾಳುವುದಿಲ್ಲ. ತೀರಾ ಹಸಿದ ಕಾಡ್ ಮೀನಿನ ಮಾಂಸ ಲೋಳೆಯ ಹಾಗೆ ಆಗುವುದೂ ಉಂಟು.

ಈ ಹಂತಕ್ಕೆ ಬರೋಕೆ ಎಷ್ಟು ವಾರ ಬೇಕು ಅಂತ ಒಂದೇ ಸಂಖ್ಯೆ ಹೇಳಿ ಅಂದರೆ ಹೇಳೋಕೆ ಆಗಲ್ಲ, ಹೇಳಿದರೆ ಅದು ಮೋಸ. ಹಿಡಿಯುವಾಗ ಲಿವರ್ ಎಷ್ಟು ದೊಡ್ಡದಿತ್ತು? ಕ್ಯಾಪೆಲಿನ್ ತಿಂದು ಕೊಬ್ಬಿದ ಮೀನಾ, ಅಥವಾ ಆಗಷ್ಟೇ ಮೊಟ್ಟೆ ಇಟ್ಟು ಬರಿದಾದ ಹೆಣ್ಣು ಮೀನಾ? ಎರಡನ್ನೂ ಒಂದೇ ಪಂಜರದಲ್ಲಿ ಒಂದೇ ದಿನ ಬಿಟ್ಟರೂ ಒಂದಕ್ಕೆ ಇನ್ನೂ ತಿಂಗಳುಗಟ್ಟಲೆ ಸಾಲುವ ಎಣ್ಣೆ ಇರುತ್ತದೆ, ಇನ್ನೊಂದು ಆಗಲೇ ಮಾಂಸ ಕರಗಿಸಲು ಶುರು ಮಾಡಿರುತ್ತದೆ. ಅದರ ಮೇಲೆ ನೀರಿನ ತಂಪು. ಫಿನ್‌ಮಾರ್ಕ್‌ನ ನೀರು ವಸಂತದಲ್ಲೂ ನಾಲ್ಕೈದು ಡಿಗ್ರಿ. ಅಂಥ ನೀರಿನಲ್ಲಿ ಮೀನಿನ ಮೈ ಖರ್ಚು ತೀರಾ ಕಡಿಮೆ.

ನಾರ್ವೆಯ ನಿಯಮ ಹೀಗಿದೆ. ಹಿಡಿದ ಕಾಡ್ ಮೀನನ್ನು 4 ವಾರಕ್ಕಿಂತ ಹೆಚ್ಚು ಇಟ್ಟುಕೊಳ್ಳುವುದಾದರೆ ಆಹಾರ ಕೊಡಲೇಬೇಕು. 12 ವಾರ ದಾಟಿದರೆ ಅದು ಮೀನು ಸಾಕಣೆ ಅಂತಲೇ ಲೆಕ್ಕ, ಆ ಕಾನೂನುಗಳೆಲ್ಲ ಅನ್ವಯಿಸುತ್ತವೆ. ಟ್ರೊಮ್ಸೊ ಊರಿನ ಸಂಶೋಧಕರು 4 ವಾರ ದಾಟಿದ ಮೇಲೂ ತಿನ್ನಿಸದೆ ಇಟ್ಟು ಅಳೆದು ನೋಡಿದ್ದಾರೆ. ಲಿವರ್ ಎದ್ದು ಕಾಣುವಷ್ಟು ಕುಗ್ಗುತ್ತದೆ, ಮಾಂಸದ ಬದಲಾವಣೆ ಅದಕ್ಕೆ ಹೋಲಿಸಿದರೆ ಸಣ್ಣದು, ಇದು ಒಟ್ಟು ಚಿತ್ರ. ಇದನ್ನು ಓದಿ ಕೆಲವರು ಕೇಳುತ್ತಾರೆ, ಮಾಂಸಕ್ಕೆ ಏನೂ ಆಗದಿದ್ದರೆ ಆ 4 ವಾರದ ಗಡಿ ಯಾಕೆ, ತೆಗೆದುಬಿಡಿ ಅಂತ. ನನಗೆ ಇದು ಒಪ್ಪಿಗೆ ಇಲ್ಲ. ಆ ಗಡಿ ಹಾಕಿರುವುದು ತಿನ್ನುವವರ ನಾಲಿಗೆಗಾಗಿ ಅಲ್ಲ, ಪಂಜರದಲ್ಲಿರುವ ಜೀವಕ್ಕಾಗಿ. ಸಮುದ್ರದಲ್ಲೂ ಮೀನು ತಿಂಗಳುಗಟ್ಟಲೆ ಹಸಿದಿರುತ್ತದೆ ನಿಜ, ಮೊಟ್ಟೆ ಇಡಲು ಹೊರಟ ಕಾಡ್ ದಾರಿಯಲ್ಲಿ ಹೆಚ್ಚು ತಿನ್ನುವುದೇ ಇಲ್ಲ. ಆದರೆ ಅಲ್ಲಿ ಊಟ ಸಿಗುವ ಜಾಗಕ್ಕೆ ಹೋಗುವ ದಾರಿ ತೆರೆದಿರುತ್ತದೆ. ಪಂಜರದಲ್ಲಿ ಆ ದಾರಿಯನ್ನು ಮುಚ್ಚಿದವರು ನಾವು. ಮುಚ್ಚಿದ ಮೇಲೆ ಜವಾಬ್ದಾರಿಯೂ ನಮ್ಮದೇ ಅಲ್ವಾ? ಹಸಿದ ಕಾಡ್‌ಗಳ ನಡುವೆ ದೊಡ್ಡದು ಚಿಕ್ಕದನ್ನು ಕಚ್ಚುವುದು, ನುಂಗುವುದು ಉಂಟು. ಆ ಗಾಯಗಳು ಕೊನೆಗೆ ಮಾಂಸಕ್ಕೂ ತೊಂದರೆಯೇ.

ಇಷ್ಟು ಮಾತಾಡಿ ಪ್ರಶ್ನೆಗಳಿಗೆ ಬಿಟ್ಟೆ.

ಪಂಜರ ಕೃಷಿ ಮಾಡುವ ಒಬ್ಬರು ಕೇಳಿದರು: "ಸರ್, ಹಾಗಾದ್ರೆ ಊಟ ಹಾಕಿ ಇಟ್ಕೊಂಡ್ರೆ ಆಯ್ತಲ್ಲ, ಇಷ್ಟೊಂದು ಲೆಕ್ಕ ಯಾಕೆ?"

ಒಳ್ಳೇ ಪ್ರಶ್ನೆ. ಹಾಕಬಹುದು, ಹಾಕುತ್ತಾರೆ ಕೂಡ. ತೊಂದರೆ ಏನೆಂದರೆ, ನೀವು ಸಾಕುವ ಸೀಬಾಸ್ ಮರಿಯಿಂದಲೇ ನಿಮ್ಮ ಆಹಾರಕ್ಕೆ ಒಗ್ಗಿರುತ್ತದೆ. ಸಮುದ್ರದಿಂದ ಹಿಡಿದ ಮೀನಿಗೆ ಪೆಲ್ಲೆಟ್, ಅಂದರೆ ಗುಳಿಗೆ ರೂಪದ ಆಹಾರ, ಏನು ಅಂತಲೇ ಗೊತ್ತಿಲ್ಲ. ಮೊದಲ ದಿನಗಳಲ್ಲಿ ಮುಟ್ಟುವುದೇ ಇಲ್ಲ. ಹಾಗಾಗಿ ಹೆರಿಂಗ್, ಕ್ಯಾಪೆಲಿನ್ ತರಹದ ನಿಜವಾದ ಮೀನನ್ನೇ ಹಾಕಿ ಅಭ್ಯಾಸ ಮಾಡಿಸಬೇಕು. ಆಗಲೂ ಕೆಲವು ಮುನ್ನುಗ್ಗಿ ತಿನ್ನುತ್ತವೆ, ಕೆಲವು ಹಿಂದೆಯೇ ಉಳಿಯುತ್ತವೆ. ಆಹಾರ ಹಾಕಿದ್ದೇವೆ ಅನ್ನುವುದಕ್ಕೂ ಎಲ್ಲ ಮೀನೂ ತಿಂದಿದೆ ಅನ್ನುವುದಕ್ಕೂ ಬಹಳ ದೂರ. ಖರ್ಚಿನ ಮಾತು ಬೇರೆ. ಅದಕ್ಕೇ ಬಹಳ ಜನ 4 ವಾರದೊಳಗೆ ಮಾರಿ ಮುಗಿಸಲು ನೋಡುತ್ತಾರೆ.

ಒಬ್ಬ ಹುಡುಗ ಕೇಳಿದ: "ನಮ್ಮ ಊರಲ್ಲಿ ಕೊರವ ಮೀನನ್ನು ಟಬ್ಬಲ್ಲಿ ಜೀವಂತ ಇಟ್ಟು ಮಾರ್ತಾರಲ್ಲ, ಅದಕ್ಕೂ ಇದೇ ಲೆಕ್ಕನಾ?"

ಕ್ರಮ ಅದೇ, ಕಾಲ ಮಾತ್ರ ಬೇರೆ. ಕೊರವ ಗಾಳಿಯನ್ನೇ ಉಸಿರಾಡಬಲ್ಲ ಮೀನು, ಅದಕ್ಕೇ ಒಂದು ಗೇಣು ನೀರಿನಲ್ಲೂ ದಿನಗಟ್ಟಲೆ ಬದುಕುತ್ತದೆ. ಬದುಕಿದೆ ಅನ್ನುವುದನ್ನೇ ನಾವು ತಾಜಾ ಅಂದುಕೊಳ್ಳುತ್ತೇವೆ. ಆದರೆ ನಮ್ಮ ನೀರು 25, 28 ಡಿಗ್ರಿ. ಹತ್ತು ಡಿಗ್ರಿ ಏರಿದರೆ ಮೀನಿನ ಮೈ ಖರ್ಚು ಸುಮಾರು ಎರಡು ಪಟ್ಟಾಗುತ್ತದೆ. ಹಾಗಾಗಿ ನಾರ್ವೆಯ 4 ವಾರವನ್ನು ಇಲ್ಲಿಗೆ ತಂದು ಹಾಕೋಕೆ ಆಗುವುದೇ ಇಲ್ಲ. ಅದರ ಮೇಲೆ ಇಕ್ಕಟ್ಟು, ಬದಲಾಯಿಸದ ನೀರು, ನೀರಿನಲ್ಲಿ ಸೇರುವ ಅಮೋನಿಯಾ, ಪ್ರತಿ ಗಿರಾಕಿ ಬಂದಾಗಲೂ ಹಿಡಿದೆತ್ತಿ ಬಿಡುವುದು. ಒಂದೆರಡು ದಿನ ಶುದ್ಧ ನೀರಿನಲ್ಲಿ, ನೆರಳಿನಲ್ಲಿ ಇಟ್ಟರೆ ಹೊಟ್ಟೆ ಖಾಲಿಯಾಗಿ ಒಳ್ಳೆಯದೇ. ವಾರ ಕಳೆದ ಮೀನನ್ನು ಜೀವಂತ ಅನ್ನುವ ಕಾರಣಕ್ಕೆ ಜಾಸ್ತಿ ದುಡ್ಡು ಕೊಟ್ಟು ಕೊಳ್ಳುವ ಅಗತ್ಯ ನನಗೆ ಕಾಣುವುದಿಲ್ಲ.

ಕೊನೆಗೆ ಒಬ್ಬ ಅಮ್ಮ ಎದ್ದು ಕೇಳಿದರು: "ಕೆರೆ ಮೀನು ತಂದ್ರೆ ಒಂದೊಂದ್ಸಲ ಮಣ್ಣು ವಾಸನೆ. ಹುಣಸೆಹಣ್ಣು ಹಾಕಿ ತೊಳೆದ್ರೂ ಹೋಗಲ್ಲ. ಉಪವಾಸ ಇಟ್ರೆ ಹೋಗುತ್ತಾ?"

ಹೋಗುತ್ತದೆ ಅಮ್ಮ, ಆದರೆ ಅದು ನೀರಿನ ಕೆಲಸ. ಆ ವಾಸನೆಗೆ ಕಾರಣ ಜಿಯೋಸ್ಮಿನ್ ಎಂಬ ವಸ್ತು. ಮೊದಲ ಮಳೆ ಬಿದ್ದಾಗ ನೆಲದಿಂದ ಏಳುವ ವಾಸನೆಯಲ್ಲೂ ಇರುವುದು ಅದೇ. ಕೆರೆಯ ನೀಲಿ ಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾಗಳು ಅದನ್ನು ಮಾಡುತ್ತವೆ. ನೀರಿನಿಂದ ಕಿವಿರಿನ ಮೂಲಕ ಮೀನಿನ ಮೈ ಸೇರಿ ಕೊಬ್ಬಿನಲ್ಲಿ ಕೂರುತ್ತದೆ. ಅದಕ್ಕೇ ಹೊರಗಿನಿಂದ ಎಷ್ಟು ಉಜ್ಜಿದರೂ ಹೋಗುವುದಿಲ್ಲ. ಮೀನನ್ನು ಜೀವಂತವಾಗಿ ಬೇರೆ ಸ್ವಚ್ಛ ನೀರಿಗೆ ಹಾಕಿ, ನೀರು ಹರಿಯುತ್ತಾ ಇರುವ ಹಾಗೆ ನೋಡಿಕೊಂಡು, ಕೆಲವು ದಿನ ಬಿಟ್ಟರೆ ಬಂದ ದಾರಿಯಲ್ಲೇ ಹೊರಗೆ ಹೋಗುತ್ತದೆ. ಆ ದಿನಗಳಲ್ಲಿ ಊಟ ಹಾಕುವುದಿಲ್ಲ, ಹಾಕಿದರೆ ನೀರು ಮತ್ತೆ ಕೆಡುತ್ತದೆ. ಕೊಬ್ಬಿದ ಮೀನಿಗೆ ಜಾಸ್ತಿ ದಿನ ಬೇಕು, ತೆಳು ಮೀನಿಗೆ ಕಡಿಮೆ. ಅದೇ ಕೆರೆಯ ನೀರನ್ನು ಟಬ್ಬಿಗೆ ತುಂಬಿ ಅದರಲ್ಲೇ ಉಪವಾಸ ಕೆಡವಿದರೆ ಮೀನು ಸೊರಗುತ್ತದೆ, ವಾಸನೆ ಹಾಗೇ ಉಳಿಯುತ್ತದೆ. ಇದನ್ನು ಮಾಡಬೇಕಾದವರು ಕೆರೆಯಲ್ಲಿ ಮೀನು ಸಾಕುವವರು, ಮಾರುವ ಮೊದಲೇ. ಮನೆಗೆ ಬಂದ ಮೇಲೆ ನಿಮಗೆ ಉಳಿಯುವುದು ಚರ್ಮ ಸುಲಿಯುವುದು, ಹೊಟ್ಟೆಯ ಕಡೆಯ ಕೊಬ್ಬಿನ ಭಾಗ ಕತ್ತರಿಸಿ ತೆಗೆಯುವುದು, ಹುಳಿ ಸ್ವಲ್ಪ ಮುಂದಾಗಿ ಸಾರು ಮಾಡುವುದು.